ಶಲವಡಿಯ ಕಲ್ಲು ಓದಿದ ದಿನ

ಜನ ತಮ್ಮ ದೇವರ ಬಗ್ಗೆ, ಊರಿನ ಬಗ್ಗೆ ಏನನ್ನು ನೆನಪಿಟ್ಟುಕೊಳ್ಳುತ್ತಾರೆ, ಏನನ್ನು ಮರೆಯುತ್ತಾರೆ ಎಂದು ಕೇಳಿಕೊಂಡು ತಿರುಗುವುದೇ ನನ್ನ ಕೆಲಸ. ಧಾರವಾಡದಲ್ಲಿ ಪಾಠ ಹೇಳುತ್ತೇನೆ; ರಜೆ ಸಿಕ್ಕರೆ ಕಪ್ಪು ಮಣ್ಣಿನ ಎರಿ ಹೊಲದ ಊರುಗಳ ಬಸ್ಸು ಹತ್ತುತ್ತೇನೆ. ಶಲವಡಿಗೆ ಹೋದದ್ದು ಒಂದು ಕಲ್ಲಿನ ಸಲುವಾಗಿ.

ಅಲ್ಲಿಯ ಒಂದು ಲಿಂಗಾಯತ ಮನೆತನ ಹೊಲದ ಬದುವಿನಲ್ಲಿದ್ದ ಕಲ್ಲಿಗೆ ತಲೆತಲಾಂತರದಿಂದ ಎಣ್ಣೆ ಹಚ್ಚಿ, ವಿಭೂತಿ ಬಳಿದು, 'ಶರಣರ ಕಲ್ಲು' ಎಂದು ಪೂಜಿಸುತ್ತಿತ್ತು. ದಾರಿ ಅಗಲ ಮಾಡುವಾಗ ಜೆಸಿಬಿ ತಾಗಿ ಅದು ಮಗುಚಿತು. ಇಷ್ಟು ದಿನ ಮಣ್ಣಿಗೆ ಒರಗಿದ್ದ ಮಗ್ಗುಲಲ್ಲಿ ಅಕ್ಷರಗಳಿದ್ದವು. ಹಳೆಯ ಶಾಸನ ಓದಬಲ್ಲೆನೆಂದು ನನ್ನನ್ನು ಕರೆಸಿದ್ದರು.

ಮನೆಯ ಹಿರಿಯಾಕೆ ಮತ್ತು ಆಕೆಯ ಮಗ ನನಗಾಗಿ ಕಾಯುತ್ತಿದ್ದರು. ಮಗ ಬ್ಯಾಂಕಿನಲ್ಲಿದ್ದ. ಮನೆತನದ ಚರಿತ್ರೆಯ ಪುಸ್ತಕ ಮಾಡಿಸುತ್ತಿದ್ದ. ಈ ಕಲ್ಲಿಗೆಂದು ಒಂದು ಪುಟ ಖಾಲಿ ಬಿಟ್ಟಿದ್ದ.

"ನಮ್ಮ ಹಿರೇರ ಹೆಸರ ಐತೇನ ನೋಡ್ರಿ, ಅಕ್ಕೋರ" ಎಂದ.

ನೀರು ಹಾಕಿ ಮೆಲ್ಲಗೆ ಮಣ್ಣು ತೊಳೆದೆ. ಅಕ್ಷರ ಸವೆದಿದ್ದವು. ಅವನ ಅಮ್ಮ ಸ್ಟೀಲಿನ ತಾಟು ಹಿಡಿದು, ಅಕ್ಷರ ಎದ್ದು ಕಾಣಲೆಂದು ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಬಿಟ್ಟಳು. ಮೇಲ್ಗಡೆ ಒಂದರ ಮೇಲೊಂದು ಮೂರು ಕೊಡೆಗಳ ಮುಕ್ಕೊಡೆಯ ಕೆಳಗೆ ಕುಳಿತ ಜಿನ ಕಂಡ. ಜೈನ ಬಸದಿಗೆ ಹೊಲ ದಾನ ಬಿಟ್ಟುಕೊಟ್ಟ ಶಾಸನ ಅದು; ಶರಣರ ಸುದ್ದಿ ಅದರಲ್ಲಿರಲಿಲ್ಲ. ಹೇಳಲೋ ಬೇಡವೋ ಎಂದು ಅನುಮಾನಿಸಿದೆ. ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿದೆ.

ಮಗನ ಮುಖ ಸಣ್ಣದಾಯಿತು. "ಇದನ್ನ ಎಲ್ಲೂ ಬರೀಬ್ಯಾಡ್ರಿ."

"ಅಕ್ಕೋರ ಕಡೆ ಯಾಕ ಸುಳ್ಳ ಹೇಳಸ್ತೀ ಲೇ?" ಎಂದು ಅಮ್ಮ ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, "ಹೊಲಾ ಕೊಟ್ಟವರು ಯಾರ್ರಿ?" ಎಂದಳು.

"ಒಬ್ಬ ಹೆಣ್ಣಮಗಳ್ರಿ. ಹೆಸರ ಇದ್ದ ಜಾಗಾ ಒಡದೈತಿ."

ಆಕೆ ತಾಟು ಕೆಳಗಿಟ್ಟಳು. "ಹೆಣ್ಣಮಗಳ ಹೆಸರಿಗೆ ಆಗ ಹೊಲಾ ಇತ್ತ? ಐವತ್ತ ವರ್ಷ ಈ ಹೊಲದಾಗ ದುಡದೇನಿ. ನನ್ನ ಹೆಸರಿಗೆ ಒಂದ ಗುಂಟೆ ಇಲ್ಲ."

ನನ್ನ ಚೀಲದಲ್ಲಿ ಎರಡು ಹಾಳೆ ತುಂಬ ಪ್ರಶ್ನೆಗಳಿದ್ದವು: ಯಾರ ದೇವರು, ಯಾರ ಗುರುತು, ಯಾರ ಊರು. ಈ ಮಾತು ಅವುಗಳಲ್ಲಿ ಎಲ್ಲೂ ಇರಲಿಲ್ಲ. ಚಹಾ ಕುಡಿಯುವಾಗ ಅಮ್ಮನೇ ನನ್ನನ್ನು ಕೇಳುತ್ತಾ ಹೋದಳು: ದಾನ ಕೊಟ್ಟ ಆ ಹೆಣ್ಣಮಗಳಿಗೆ ಹೊಲ ತವರಿನಿಂದ ಬಂದಿತ್ತೋ, ಗಂಡನಿಂದಲೋ? ಮಕ್ಕಳು ಬೇಡ ಅನ್ನಲಿಲ್ಲವೋ? ನನ್ನ ಹಾಳೆಯ ಕೊನೆಗೆ ಅವನ್ನೂ ಬರೆದುಕೊಂಡೆ.

ಮುಂದೆ ಕಲ್ಲನ್ನು ಅಕ್ಷರ ಕಾಣುವ ಹಾಗೆ ನಿಲ್ಲಿಸಿದರು. ಪೂಜೆ ನಿಂತಿಲ್ಲ, ಅಮ್ಮ ಈಗ ಅಕ್ಷರ ಬಿಟ್ಟು ಅಂಚಿಗಷ್ಟೇ ವಿಭೂತಿ ಹಚ್ಚುತ್ತಾಳೆ. ಮಗನ ಪುಸ್ತಕವೂ ಬಂತು. ಕಲ್ಲಿಗೆಂದು ಖಾಲಿ ಬಿಟ್ಟಿದ್ದ ಪುಟದಲ್ಲಿ ಶರಣರ ಕಥೆಯ ಕೆಳಗೆ ನಾನು ಓದಿದ ಶಾಸನವನ್ನೂ ಹಾಕಿಸಿದ್ದಾನೆ.