ಪ್ಲಗ್ಗಿಗೆ ಕಟ್ಟಿದ ಬಟ್ಟೆಪಟ್ಟಿ

ಸಾಣೆಯವನ ಸೈಕಲ್ಲಿಗೆ ಓಡುವುದು ಅರ್ಧ ಕೆಲಸ, ನಿಂತಲ್ಲೇ ದುಡಿಯುವುದು ಇನ್ನರ್ಧ. ಗಿರಾಕಿ ಸಿಕ್ಕರೆ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸುತ್ತಾನೆ. ಆ ಚಕ್ರದಿಂದ ಹ್ಯಾಂಡಲ್ ಬಳಿಯ ಸಾಣೆಕಲ್ಲಿಗೆ ಬೆಲ್ಟ್ ಏರಿಸಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಕಲ್ಲು ತಿರುಗುತ್ತದೆ. ಮೂವತ್ತೆಂಟು ವರ್ಷ ತುಳಿದೂ ತುಳಿದೂ ಒಂದು ಅಂಗುಲವೂ ಮುಂದೆ ಹೋಗದವನು ತಾನೊಬ್ಬನೇ ಎಂದು ಹೇಳಿಕೊಂಡು ಅವನೇ ನಗುತ್ತಿದ್ದ.

ಈಚೆಗೆ ಆ ನಗು ಕಡಿಮೆಯಾಗಿತ್ತು. ಬಲಮಂಡಿ ಕೈಕೊಟ್ಟಿತ್ತು. ಕೂತು ಕಲ್ಲು ತಿರುಗಿಸಲು ಅಡ್ಡಿಯಿರಲಿಲ್ಲ, ಏರು ಹತ್ತುವಾಗ ಮಾತ್ರ ಪ್ರಾಣ ಬಾಯಿಗೆ ಬರುತ್ತಿತ್ತು. ಅವನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಏರಿನ ಮೇಲಿನವರೇ: ಟೈಲರುಗಳು, ಕ್ಷೌರದವರು, ಎರಡು ಹೋಟೆಲಿನ ಅಡುಗೆಯವರು. ಏರು ಬಿಟ್ಟರೆ ಕಸುಬು ಬಿಟ್ಟಂತೆಯೇ. ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ.

ಮಗಳು ಮೋಟಾರ್ ರಿಪೇರಿ ಅಂಗಡಿಯಲ್ಲಿ ತಂತಿ ಸುತ್ತುವವಳು. ಒಂದು ಭಾನುವಾರ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಮೋಟಾರ್ ಇದ್ದ ಬೇರೆ ಚಕ್ರ ಕೂಡಿಸಿದಳು. ಬ್ಯಾಟರಿಯ ಚೀಲವನ್ನು ಸೀಟಿನ ಕೆಳಗೆ ತೂಗುಹಾಕಿದಳು. ಪೆಡಲ್ ತಿರುಗಿದರೆ ಮೋಟಾರ್ ತಾನೇ ಎಳೆಯುತ್ತದೆ, ಬೇಡವೆನಿಸಿದ ದಿನ ಎಲ್ಲವನ್ನೂ ಬಿಚ್ಚಿ ಹಳೆಯ ಚಕ್ರ ಹಾಕಿಕೊಳ್ಳಬಹುದು ಎಂದು ವಿವರಿಸಿದಳು. ಆದರೆ ಸಾಣೆ ಹಿಡಿಯುವ ಮುಂಚೆ ಬ್ಯಾಟರಿಯ ಪ್ಲಗ್ ಕೀಳಲೇಬೇಕು. ನೀನು ಕಲ್ಲಿಗೆ ತುಳಿಯುತ್ತೀಯೋ ದಾರಿಗೆ ತುಳಿಯುತ್ತೀಯೋ ಎಂಬುದು ಮೋಟಾರಿಗೇನು ಗೊತ್ತು ಎಂದಳು. ಮೂರನೆಯ ಸಲ ಹೇಳಿದಾಗ ಅವನು, ತಾನೇನು ಎಳೆಮಗುವೇ ಎಂದು ಸಿಡುಕಿದ.

ಏರೇನೋ ಸಲೀಸಾಯಿತು, ನೆಮ್ಮದಿ ಹೋಯಿತು. ಪ್ಲಗ್ ಕಿತ್ತೆನೋ ಇಲ್ಲವೋ ಎಂದು ಅರ್ಧ ಚಾಕುವಿಗೇ ನಿಲ್ಲಿಸಿ ಸೀಟಿನ ಕೆಳಗೆ ತಡಕುತ್ತಿದ್ದ. ಕಿತ್ತಿರುತ್ತಿದ್ದ. ಆದರೂ ಮತ್ತೆ ತಡಕುತ್ತಿದ್ದ. ಸಾಣೆ ಹಿಡಿಯುತ್ತೀರೋ ಸೈಕಲ್ಲಿನ ನಾಡಿ ಹಿಡಿಯುತ್ತೀರೋ ಎಂದು ಕ್ಷೌರದವನು ಗೇಲಿ ಮಾಡಿದ.

ಮೂರು ವಾರ ಹೀಗೆ ಹೆದರಿ ಹೆದರಿ ಕಳೆದವನು, ನಾಲ್ಕನೆಯ ವಾರ ಒಮ್ಮೆ ಹೆದರುವುದನ್ನೇ ಮರೆತ. ಟೈಲರಮ್ಮ ದೊಡ್ಡ ಕತ್ತರಿ ಕೊಟ್ಟು, ಶಾಲೆಯ ಸಮವಸ್ತ್ರಗಳ ರಾಶಿ ಬಾಕಿಯಿದೆಯೆಂದು ಎದುರಿಗೇ ನಿಂತು ಅವಸರಪಡಿಸುತ್ತಿದ್ದಳು. ಅವನು ಸ್ಟ್ಯಾಂಡ್ ಹಾಕಿ, ಬೆಲ್ಟ್ ಏರಿಸಿ, ತುಳಿದ. ಎರಡನೆಯ ಸುತ್ತಿಗೆ ಮುಂದಿನ ಚಕ್ರ ಎಳೆಯಿತು. ಸೈಕಲ್ ಸ್ಟ್ಯಾಂಡ್ ಇಳಿದು ನುಗ್ಗಿತು. ಕತ್ತರಿ ಕೈ ತಪ್ಪಿ ಹಾರಿ, ಟೈಲರಮ್ಮನ ಪಾದದಿಂದ ಎರಡು ಬೆರಳು ಆಚೆ ಸಿಮೆಂಟಿಗೆ ಬಡಿಯಿತು.

ಏನೂ ಆಗಲಿಲ್ಲ ಬಿಡಿ ಎಂದಳು. ಆದರೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಒಳಗೆ ಹೋದಳು. ಅವನು ಕತ್ತರಿ ಎತ್ತಿ ಹೊಸ್ತಿಲ ಮೇಲಿಟ್ಟ. ಏರಿನುದ್ದಕ್ಕೂ ಸೈಕಲ್ ತಳ್ಳಿಕೊಂಡೇ ಇಳಿದ.

ಸಂಜೆ ಮಗಳು ಬಂದಾಗ ಅಪ್ಪ ಸ್ಪ್ಯಾನರ್ ಹಿಡಿದು ಮುಂದಿನ ಚಕ್ರದ ನಟ್ಟಿನೊಂದಿಗೆ ಗುದ್ದಾಡುತ್ತಿದ್ದ.

"ಇದನ್ನ ತೆಗೆದುಬಿಡಮ್ಮ," ಎಂದ. "ಇವತ್ತು ಮರೆತೆ. ನಾಳೆ ಮರೆಯಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವಳು ಸ್ಪ್ಯಾನರ್ ಇಸಿದುಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವಳು ಚಿಕ್ಕವಳಿದ್ದಾಗ, ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯಲು ಹೋಗುತ್ತಿದ್ದ ಕಾಲದಲ್ಲಿ, ಅಪ್ಪ ಅವಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದ. ಕಲ್ಲು ತಿರುಗುವಷ್ಟು ಹೊತ್ತು ಅವಳ ಸೊಂಟಕ್ಕೆ ಬಟ್ಟೆಪಟ್ಟಿ ಬಿಗಿದು ಯಾವುದಾದರೂ ಕಿಟಕಿಯ ಸರಳಿಗೆ ಕಟ್ಟುತ್ತಿದ್ದ.

"ಕಲ್ಲಿನ ಹತ್ರ ಬರಬೇಡ, ನೆನಪಿಟ್ಕೋ ಅಂತ ನನಗೆ ಬುದ್ಧಿ ಹೇಳ್ತಿದ್ಯಾ ಅಪ್ಪ? ಇಲ್ಲ. ಕಟ್ಟಿಹಾಕ್ತಿದ್ದೆ. ನಾನು ನಿನಗೆ ಬರೀ ಬುದ್ಧಿ ಹೇಳ್ದೆ. ತಪ್ಪು ನಂದು."

ಹಳೆಯ ಚಾದರದ ಅಂಚು ಹರಿದು, ಒಂದು ತುದಿಯನ್ನು ಪ್ಲಗ್ಗಿಗೂ ಇನ್ನೊಂದನ್ನು ಸ್ಟ್ಯಾಂಡಿನ ಕಾಲಿಗೂ ಗಿಡ್ಡವಾಗಿ ಕಟ್ಟಿದಳು. ಸ್ಟ್ಯಾಂಡ್ ಕೆಳಗಿಳಿದರೆ ಪ್ಲಗ್ ಕಿತ್ತುಬರಲೇಬೇಕು. ಕತ್ತಲಾಗುವವರೆಗೆ ಇಬ್ಬರೂ ಸ್ಟ್ಯಾಂಡ್ ಹಾಕಿ ತೆಗೆದು, ಹಾಕಿ ತೆಗೆದು ನೋಡಿದರು.

ಮರುದಿನ ಅವನು ಟೈಲರಮ್ಮನ ಬಾಗಿಲಿಗೆ ಹೋದ. ಅವಳು ಹೊಸ್ತಿಲ ಒಳಗೇ ನಿಂತಳು, ಕತ್ತರಿ ಕೊಡಲಿಲ್ಲ. ಅವನೂ ಕೇಳಲಿಲ್ಲ. ಸ್ಟ್ಯಾಂಡ್ ಹಾಕಿದ, ಪಟ್ಟಿ ಬಿಗಿದು ಪ್ಲಗ್ ಟಕ್ಕೆಂದು ಕಳಚಿತು. ಆದರೂ ತಡಕಿ ನೋಡಿದ. ಬೆಲ್ಟ್ ಏರಿಸಿ ಬರಿಗೈಯಲ್ಲಿ ಕೂತು ತುಳಿದ. ಹತ್ತು ಸುತ್ತು, ಇಪ್ಪತ್ತು ಸುತ್ತು. ಕಲ್ಲು ತಿರುಗಿತು. ಸೈಕಲ್ ಒಂದು ಅಂಗುಲವೂ ಮುಂದೆ ಹೋಗಲಿಲ್ಲ.

ಟೈಲರಮ್ಮ ಹೊಸ್ತಿಲು ದಾಟಿ ಬಂದು ಕತ್ತರಿಯನ್ನು ಅವನ ಕೈಗೆ ಕೊಟ್ಟಳು.