ಬೆಂಕಿ ಇಲ್ಲ, ಪೊರಕೆ ಇದೆ

ಸಿನಿಮಾ ಪೋಸ್ಟರ್ ಎಂಬುದು ಗೋಡೆಯ ಮೇಲೆ ಒಂದಷ್ಟು ದಿನ ಬದುಕಿ, ಬಿಸಿಲಿಗೋ ಮಳೆಗೋ ಮುಂದಿನ ಪೋಸ್ಟರಿಗೋ ಬಲಿಯಾಗುವ ಕಲೆ. ಇಂಥ ಅಲ್ಪಾಯುಷಿ ಕಲೆಯಲ್ಲಿ ಜೀವಮಾನವಿಡೀ ದುಡಿದು ಹೆಸರು ಗಳಿಸಿದವರು ವಿರಳ. ಗಳಿಸಿದ ಹೆಸರನ್ನು ಕೆಡಿಸಿಕೊಳ್ಳದೆ ಉಳಿದವರು ಅದಕ್ಕಿಂತ ವಿರಳ. ಈ ಎರಡನೆಯ ಪಂಕ್ತಿಯಲ್ಲಿ ಮೊದಲಿಗರಾಗಿ ನಿಲ್ಲುವವರು, ನಮ್ಮ ಚಿತ್ರಶಾಲೆಯ ಹಿರಿಯ ಕಲಾವಿದೆಯೂ ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವವರೂ ಆದ ಮಾನ್ಯ ದೊಡ್ಡಕ್ಕನವರು. ಅವರ ನಿಜವಾದ ಹೆಸರು ಈ ಅಭಿನಂದನ ಗ್ರಂಥದ ಮುಖಪುಟದಲ್ಲಿದೆ. ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲವಾದ್ದರಿಂದ ನಾನು ದೊಡ್ಡಕ್ಕ ಎಂದೇ ಬರೆಯುತ್ತೇನೆ.

ಅವರು ಚಿತ್ರ ಬರೆದು ಮುಗಿಸಿದ ಮೇಲೆ ಉಳಿದ ಜಾಗದಲ್ಲಿ ಅಕ್ಷರ ಬರೆಯುವುದು ನನ್ನ ಉದ್ಯೋಗ. ಉಳಿದ ಜಾಗ ಒಂದು ದಿನವೂ ಸಾಕಾಗಲಿಲ್ಲ. ಹೀಗಾಗಿ ನಮ್ಮಿಬ್ಬರ ಒಡನಾಟದ ಬಹುಪಾಲು ಜಗಳದಲ್ಲೇ ಕಳೆದಿದೆಯೆಂಬುದನ್ನೂ, ಆ ಜಗಳಗಳಲ್ಲಿ ನಾನು ಗೆದ್ದದ್ದು ನೆನಪಿಲ್ಲವೆಂಬುದನ್ನೂ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. "ನಿಮ್ಮ ಅಕ್ಷರಕ್ಕೆ ಆಕಾಶ ಬಿಟ್ಟಿದ್ದೀನಲ್ಲ, ಇನ್ನೇನು ಬೇಕು?" ಎನ್ನುತ್ತಿದ್ದರು. ಅವರು ಬಿಟ್ಟ ಆಕಾಶ ಬೆರಳಗಲ ಇರುತ್ತಿತ್ತು.

ದೊಡ್ಡಕ್ಕನವರ ತಾಯಿ ಒಂದು ಚಿತ್ರಮಂದಿರದಲ್ಲಿ ಕಸ ಗುಡಿಸುತ್ತಿದ್ದರು. ಮಗಳು ಬೆಳೆದದ್ದು ಅಲ್ಲಿನ ಕುರ್ಚಿಗಳ ಸಾಲಿನ ನಡುವೆ. ಹರಿದ ಪೋಸ್ಟರುಗಳ ಹಿಂಬದಿಯೇ ಅವರ ಮೊದಲ ಡ್ರಾಯಿಂಗ್ ಹಾಳೆ. ನಮ್ಮ ಚಿತ್ರಶಾಲೆಗೆ ಸೇರಿದ ಹೊಸದರಲ್ಲಿ ಅವರಿಗೆ ಸ್ವತಂತ್ರವಾಗಿ ವಹಿಸಿದ ಮೊದಲ ಪೋಸ್ಟರಿನಲ್ಲಿ, ಯಜಮಾನರ ಅಪ್ಪಣೆಯಂತೆ ಒಂದು ಬಿಳಿ ಕುದುರೆಯನ್ನು ಬರೆದರು. ಸಿನಿಮಾದಲ್ಲಿ ಕುದುರೆ ಇರಲಿಲ್ಲ. ತಮ್ಮ ಕೈಕೆಲಸ ಊರೆಲ್ಲ ನೋಡುವ ಸಂಭ್ರಮದಲ್ಲಿ ತಾಯಿಯ ಚಿತ್ರಮಂದಿರಕ್ಕೇ ಹೋಗಿ ಕೂತರೆ, ಹಿಂದಿನ ಸಾಲಿನಲ್ಲಿ ಒಂದು ಮಗು ಆಟ ಮುಗಿಯುವವರೆಗೂ ಅಪ್ಪನನ್ನು ಕೇಳುತ್ತಲೇ ಇತ್ತಂತೆ: "ಕುದುರೆ ಯಾವಾಗ ಬರತ್ತೆ?" ಅಪ್ಪ ಪ್ರತಿಸಲವೂ "ಈಗ ಬರತ್ತೆ, ಸುಮ್ನಿರು" ಎಂದನಂತೆ. ದೀಪ ಹತ್ತಿದಾಗ ಜನ ಗೊಣಗುತ್ತ ಎದ್ದರು, ಕೈಯಲ್ಲಿದ್ದ ಕಾಗದದ ಪೊಟ್ಟಣಗಳನ್ನು ನೆಲಕ್ಕೆ ಬಿಸಾಕಿದರು, ಎದುರಿಗೆ ಪೊರಕೆ ಹಿಡಿದು ನಿಂತ ಹೆಂಗಸಿಗೆ ಬಾಯಿಗೆ ಬಂದಂತೆ ಅಂದರು. ತಾಯಿ ಮಗಳಿಗೆ ಹೇಳಿದ್ದು ಇಷ್ಟು: "ನೀನು ಬರೆದು ಹೋಗ್ತೀಯ ಕಣೇ, ಬೈಸಿಕೊಳ್ಳೋಳು ನಾನು."

ಅಂದಿನಿಂದ, ಒಂದೇ ಒಂದು ಸಲ ಬಿಟ್ಟರೆ, ಸಿನಿಮಾದಲ್ಲಿ ಇಲ್ಲದ್ದನ್ನು ದೊಡ್ಡಕ್ಕ ಪೋಸ್ಟರಿನಲ್ಲಿ ಬರೆದವರಲ್ಲ. ನಾಯಕನ ಹೊಟ್ಟೆಯನ್ನು ಒಳಗೆ ತಳ್ಳಲೂ ಒಪ್ಪುತ್ತಿರಲಿಲ್ಲವಾದ್ದರಿಂದ ನಾವು ಕಳೆದುಕೊಂಡ ಗಿರಾಕಿಗಳು ಬಹಳ. ಯಜಮಾನರಿಗೆ ಇದು ಬಿಸಿ ತುಪ್ಪ, ನುಂಗುವಂತಿರಲಿಲ್ಲ, ಉಗುಳುವಂತಿರಲಿಲ್ಲ. ಅವರಂತೆ ಬರೆಯುವ ಕೈ ಇನ್ನೊಂದಿರಲಿಲ್ಲವಲ್ಲ!

ನನ್ನ ಪಾಲಿಗೆ ಸಂದ ಉಪಕಾರವೊಂದನ್ನು ಇಲ್ಲಿ ದಾಖಲಿಸದಿದ್ದರೆ ಕೃತಘ್ನನಾದೇನು. ಒಮ್ಮೆ ಏಣಿಯಿಂದ ಬಿದ್ದು ನನ್ನ ಬಲಗೈ ಮುರಿಯಿತು. ಕೈ ಕೂಡಿಕೊಳ್ಳುವವರೆಗೆ ನನ್ನ ಕೆಲಸವನ್ನೂ ದೊಡ್ಡಕ್ಕನವರೇ ಮಾಡಿದರು. ಅದೂ ನನ್ನ ಅಕ್ಷರದಂತೆಯೇ, ನನ್ನ ಸೊಟ್ಟವೂ ಸೇರಿದಂತೆ, ಯಜಮಾನರಿಗೆ ಬೇರೊಬ್ಬ ಬರಹಗಾರನ ಯೋಚನೆಯೇ ಬಾರದ ಹಾಗೆ. ಮರಳಿ ಬಂದವನು ಗೋಡೆಯ ಮೇಲಿನ ಪೋಸ್ಟರುಗಳನ್ನು ನೋಡಿ, ಇವನ್ನು ನಾನು ಯಾವಾಗ ಬರೆದೆ ಎಂದು ತಬ್ಬಿಬ್ಬಾದೆ. ಕೃತಜ್ಞತೆ ಹೇಳಲು ಹೋದರೆ, "ನಿಮ್ಮ ಹಾಗೆ ಸೊಟ್ಟ ಬರೆಯೋದು ಎಷ್ಟು ಕಷ್ಟ ಗೊತ್ತಾ?" ಎಂದರು.

ಇನ್ನು ಅವರ ಸೇವಾವಧಿಯ ಮುಖ್ಯ ಅಧ್ಯಾಯಕ್ಕೆ ಬರುತ್ತೇನೆ. ಭೌತಶಾಸ್ತ್ರ ಕಲಿಸುತ್ತಿದ್ದ ಶಾಲಾ ಮೇಷ್ಟ್ರೊಬ್ಬರು ವೈಜ್ಞಾನಿಕ ಸಿನಿಮಾ ಮಾಡಲು ಹೊರಟು, ದೊಡ್ಡ ಕಂಪನಿಗಳೆಲ್ಲ ಕೈ ತೊಳೆದುಕೊಂಡ ಮೇಲೆ, ಸ್ನೇಹಿತರನ್ನು ಕಟ್ಟಿಕೊಂಡು ತಾವೇ ಮಾಡಲು ನಿಂತಿದ್ದರು. ತಲೆಮಾರುಗಳ ಕಾಲ ಪಯಣಿಸುವ ಒಂದು ಆಕಾಶಹಡಗು, ಅದರ ಗೋಡೆಯಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಬಿರುಕು, ಕೊನೆಯಲ್ಲಿ ಮಹಾಸ್ಫೋಟ. ಇದು ಅವರ ಕಥೆ. ಹಡಗನ್ನು ಬಡಗಿಗಳು ಕಟ್ಟುವ ಮುಂಚೆ ಅದು ಹೇಗಿರಬೇಕೆಂದು ಕೋಣೆಕೋಣೆಯಾಗಿ ಬರೆದು ತೋರಿಸುವ ಪರಿಕಲ್ಪನಾ ಚಿತ್ರಗಳು ಬೇಕಾಗಿದ್ದವು. ದೊಡ್ಡಕ್ಕ ಅಂಥ ಕೆಲಸ ಮಾಡಿದವರೇ ಅಲ್ಲ. ಮೇಷ್ಟ್ರ ವಿವರಣೆಯನ್ನೆಲ್ಲ ಕೇಳಿ, ಕುಂಚ ಒರೆಸುತ್ತ ಒಂದೇ ಪ್ರಶ್ನೆ ಹಾಕಿದರು.

"ಇದನ್ನ ಗುಡಿಸೋರು ಯಾರು?"

"ಗುಡಿಸೋದಾ? ಆಕಾಶದಲ್ಲಿ ಧೂಳೆಲ್ಲಿ ಅಕ್ಕ?"

"ಒಳಗೆ ಜನ ಇದ್ದಾರೆ ತಾನೆ? ಜನ ಇದ್ದ ಕಡೆ ಕೂದಲು ಉದುರತ್ತೆ, ತಿಂದಿದ್ದು ಚೆಲ್ಲತ್ತೆ, ಬಟ್ಟೆ ನೂಲು ಬಿಡತ್ತೆ. ಅಷ್ಟು ವರ್ಷ ಹೋಗೋ ಹಡಗು ಗುಡಿಸದೇ ಇದ್ರೆ ಒಳಗೇ ಹೂತು ಹೋಗ್ತೀರಿ."

ದೊಡ್ಡಕ್ಕ ಎಂಜಿನ್ ಕೋಣೆ ಬರೆದರು. ಅದರ ಮೂಲೆಯಲ್ಲಿ ಪೊರಕೆ ಹಿಡಿದ ಪುಟ್ಟ ಹೆಂಗಸೊಬ್ಬಳಿದ್ದಳು. ಮಲಗುವ ಕೋಣೆ ಬರೆದರು, ಅಲ್ಲಿಯೂ ಅವಳು. ಕಪ್ತಾನನ ಭವ್ಯವಾದ ಆಸನದ ಹಿಂದೆಯೂ ಅವಳದೇ ಬಾಗಿದ ಬೆನ್ನು. ಕೋಣೆಯ ಎತ್ತರ ತಿಳಿಯಲಿ ಅಂತ ಹಾಕಿದ್ದೇನೆ ಎಂದು ಅವರು ಹೇಳುತ್ತಿದ್ದರು; ನಾವ್ಯಾರೂ ನಂಬಲಿಲ್ಲ. ಚಿತ್ರಗಳನ್ನು ಶಾಲೆಯ ಪ್ರಯೋಗಾಲಯದ ಗೋಡೆಗೆ ತೂಗುಹಾಕಿಕೊಂಡಿದ್ದ ಮೇಷ್ಟ್ರು ಕೊನೆಗೆ ಒಂದು ದಿನ ಬಂದು, "ಅಕ್ಕ, ಇವಳು ಯಾರು? ನನಗೆ ಕಪ್ತಾನ ಕಾಣಿಸ್ತಾನೇ ಇಲ್ಲ, ಇವಳೇ ಕಾಣ್ತಾಳೆ" ಎಂದರು.

ಈ ನಡುವೆ ನಮ್ಮ ಕಸುಬಿನಲ್ಲಿ ಮಾತ್ರ ಆಗಬಹುದಾದ ಒಂದು ಪ್ರಮಾದ ನಡೆಯಿತು. ಚಿತ್ರದ ಹಾಳೆ ಜರುಗದಂತೆ ದೊಡ್ಡಕ್ಕ ಅದರ ನಾಲ್ಕು ಮೂಲೆಗೂ ಓರೆಯಾಗಿ ಹಳದಿ ಅಂಟುಪಟ್ಟಿ ಹಚ್ಚಿ ಹಲಗೆಗೆ ಕೂರಿಸುವುದು ವಾಡಿಕೆ. ಊಟದ ಕೋಣೆಯ ಚಿತ್ರವನ್ನು ಪಟ್ಟಿ ಬಿಡಿಸದೆಯೇ ಫೋಟೋ ತೆಗೆದು ಬಡಗಿಗೆ ಕಳಿಸಲಾಯಿತು. ನಾವೆಲ್ಲ ಸೆಟ್ ನೋಡಲು ಹೋದರೆ, ಕೋಣೆಯ ನಾಲ್ಕು ಮೂಲೆಗೂ ಆಳೆತ್ತರದ ಹಳದಿ ಹಲಗೆಗಳು ಓರೆಯಾಗಿ, ಅಚ್ಚುಕಟ್ಟಾಗಿ, ಮೊಳೆ ಹೊಡೆಸಿಕೊಂಡು ನಿಂತಿದ್ದವು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು. ಬಡಗಿ ಮಾತ್ರ ಜಗ್ಗಲಿಲ್ಲ: "ಚಿತ್ರದಲ್ಲಿ ಇರೋದನ್ನ ಕಟ್ಟಿದೀನಿ ಸ್ವಾಮಿ. ಇದು ಅಂಟುಪಟ್ಟಿ ಅಂತ ಮೇಲೆ ಬರೆದಿತ್ತಾ?" ಬರೆಯುವುದು ನನ್ನ ಇಲಾಖೆಯೆಂಬಂತೆ ಎಲ್ಲರೂ ನನ್ನ ಕಡೆ ನೋಡಿದರು.

ದೊಡ್ಡಕ್ಕ ಒಂದು ಹಲಗೆಯ ಹಿಂದೆ ತಲೆ ತೂರಿಸಿ ನೋಡಿ, "ಚೆನ್ನಾಗಿದೆ. ಇದರ ಹಿಂದೆ ಪೊರಕೆ ಇಟ್ಟುಕೊಳ್ಳಬಹುದು" ಎಂದರು. ಆ ಮಾತು ಮೇಷ್ಟ್ರ ಕಥೆಯನ್ನೇ ತಿರುಗಿಸಿತು. ಅವರು ಸ್ಫೋಟವನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಗುಡಿಸುವವಳು ಗುಡ್ಡೆ ಮಾಡಿಟ್ಟ ಧೂಳು ತಾನಾಗಿಯೇ ಹಳದಿ ಹಲಗೆಯ ಕಡೆಗೆ ಹರಿಯುತ್ತದೆ. ಪೊರಕೆ ಇಡಲು ಅಲ್ಲಿಗೆ ಹೋಗುವವಳು ಅವಳೊಬ್ಬಳೇ. ಗಾಳಿ ಸೋರಿಹೋಗುತ್ತಿರುವ ಬಿರುಕನ್ನು ಕಾಣುವವಳೂ ಅವಳೊಬ್ಬಳೇ. ಹಡಗು ಉಳಿಯುತ್ತದೆ.

ಸಿನಿಮಾ ಮುಗಿಯಿತು, ಕೊಳ್ಳುವವರಿಲ್ಲ. ಕಟ್ಟಕಡೆಗೆ ಒಬ್ಬ ಹಂಚಿಕೆದಾರರು ಒಂದು ಚಿತ್ರಮಂದಿರ ಕೊಡಿಸಲು ಒಪ್ಪಿದರು, ಒಂದು ಷರತ್ತಿನ ಮೇಲೆ: ಪೋಸ್ಟರಿನಲ್ಲಿ ಹಡಗು ಸಿಡಿಯುತ್ತಿರಬೇಕು, ಬೆಂಕಿ ಆಕಾಶ ಮುಟ್ಟಿರಬೇಕು. ಇದು ತಪ್ಪಿದರೆ ಸಿನಿಮಾ ಡಬ್ಬಿಯಲ್ಲೇ ಕೊಳೆಯುವುದು ಖಚಿತವಾಗಿತ್ತು. ದೊಡ್ಡಕ್ಕನವರಾದರೋ ಪೊರಕೆಯವಳು ದೊಡ್ಡ ಕಿಟಕಿಯೆದುರು ನಿಂತ ಪೋಸ್ಟರನ್ನು ಅದಾಗಲೇ ಬರೆದಿಟ್ಟಿದ್ದರು. ಬೆಂಕಿ ಬರೆಯುವುದಿಲ್ಲ ಎಂದರು.

ಮೇಷ್ಟ್ರು ಬೇಡಿಕೊಂಡರು. ಬೇಡಿ ಸಾಕಾದ ಮೇಲೆ ಸಿಟ್ಟಾದರು. "ನೀವು ಮೂಲೆಮೂಲೆಗೆ ಅವಳನ್ನ ಬರೆಯದೇ ಇದ್ದಿದ್ರೆ ನನ್ನ ಸಿನಿಮಾದಲ್ಲಿ ಬೆಂಕಿ ಇರ್ತಿತ್ತು ಅಕ್ಕ. ಅದನ್ನ ತೆಗೆಸಿದ್ದು ನೀವು. ಈಗ ಕೈ ಬಿಟ್ಟರೆ ಹೇಗೆ?"

ನಾನು ಜಾಣತನ ತೋರಿಸಲು ಹೋಗಿ, ಊಟದ ಕೋಣೆಯ ಗೋಡೆಗೆ ಸ್ಫೋಟದ ಪೋಸ್ಟರನ್ನೇ ಅಂಟಿಸಿ ಒಂದು ದೃಶ್ಯ ಮತ್ತೆ ತೆಗೆದುಬಿಡೋಣ, ಆಗ ಬೆಂಕಿ ಸಿನಿಮಾದಲ್ಲಿ ಇದ್ದಂತೆಯೇ ಆಯಿತಲ್ಲ ಎಂದೆ. ದೊಡ್ಡಕ್ಕನವರು ನನ್ನನ್ನು ನೋಡಿದ ನೋಟವನ್ನು ಅಭಿನಂದನ ಗ್ರಂಥದಲ್ಲಿ ವರ್ಣಿಸುವುದು ಉಚಿತವಲ್ಲ. ಮೇಷ್ಟ್ರು ಬಾಗಿಲು ದಾಟುವ ಹೊತ್ತಿಗೆ ದೊಡ್ಡಕ್ಕ, "ಬರೀತೀನಿ, ಹೋಗಿ" ಎಂದರು.

ಬರೆದರು. ಆ ಬೆಂಕಿಯ ಮುಂದೆ ನಿಂತರೆ ಮುಖಕ್ಕೆ ಕಾವು ತಟ್ಟುತ್ತಿತ್ತು. ಹಂಚಿಕೆದಾರರು ಹಾಲು ಕುಡಿದಷ್ಟು ಸಂತೋಷಪಟ್ಟರು. ದೊಡ್ಡಕ್ಕನವರ ಮುಖ ಮಾತ್ರ ಅಷ್ಟೂ ದಿನ ಊದಿಕೊಂಡೇ ಇತ್ತು. ಅವರ ಕುಂಚಗಳನ್ನು ಎಂದಿನಂತೆ ತೊಳೆಯಲು ಬಂದ ಅವರ ಪತಿ, ಅಂದರೆ ನಮಗೆಲ್ಲ ಭಾವನವರು, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಸಾಧು ಮನುಷ್ಯರು, ನನ್ನ ಕಿವಿಯಲ್ಲಿ "ಮನೇಲಿ ಮಾತೇ ಇಲ್ಲ ಕಣಪ್ಪ" ಎಂದು ಹೇಳಿ ಹೋದರು.

ಬಿಡುಗಡೆಯ ದಿನ ನಾನೂ ಮೇಷ್ಟ್ರೂ ಚಿತ್ರಮಂದಿರಕ್ಕೆ ಹೋದಾಗ ಟಿಕೆಟ್ ಕಿಟಕಿಯ ಮುಂದೆ ಸಾಲು ಚೆನ್ನಾಗಿಯೇ ಇತ್ತು. ಸಾಲಿನ ಪಕ್ಕದಲ್ಲಿ, ತಾವೇ ಬರೆದ ಬೆಂಕಿಯ ಕೆಳಗೆ, ದೊಡ್ಡಕ್ಕ ಇಸ್ತ್ರಿ ಮಾಡಿದ ಬಟ್ಟೆಯುಟ್ಟು ನಿಂತು ಬಂದವರಿಗೆಲ್ಲ ಹೇಳುತ್ತಿದ್ದರು: "ನೋಡಿ, ಇದನ್ನ ಬರೆದೋಳು ನಾನು. ಈ ಬೆಂಕಿ ಒಳಗಿಲ್ಲ. ಹಡಗು ಸಿಡಿಯೋದಿಲ್ಲ. ಒಬ್ಬಳು ಕಸ ಗುಡಿಸ್ತಾಳೆ, ಅದಕ್ಕೇ ಸಿಡಿಯೋದಿಲ್ಲ. ಬೆಂಕಿ ನೋಡೋಕೆ ಬಂದಿದ್ರೆ ಟಿಕೆಟ್ ತಗೋಬೇಡಿ."

"ಅಕ್ಕ! ಕಥೆಯ ಕೊನೆಯನ್ನೇ ಹೇಳ್ತಿದ್ದೀರಲ್ಲ!" ಎಂದು ಮೇಷ್ಟ್ರು ಓಡಿದರು. ಅಷ್ಟರಲ್ಲಿ ಸಾಲಿನಿಂದ ಕೆಲವರು ಜಾರಿದ್ದರು. ಇನ್ನು ಕೆಲವರು ಹಿಂದಿರುಗಲೋ ನಿಲ್ಲಲೋ ಎಂದು ತಡವರಿಸುತ್ತಿದ್ದರು. ತಾಯಿಯ ಕೈ ಹಿಡಿದಿದ್ದ ಒಬ್ಬ ಹುಡುಗಿ ಪೋಸ್ಟರನ್ನೂ ದೊಡ್ಡಕ್ಕನವರನ್ನೂ ನೋಡಿ ಕೇಳಿದಳು.

"ಅಜ್ಜಿ, ಬೆಂಕಿ ಇಲ್ವಾ?"

"ಇಲ್ಲ ಕಂದ. ಪೊರಕೆ ಇದೆ."

"ಆಕಾಶದಲ್ಲಿ ಪೊರಕೆನಾ?"

"ಹೂಂ."

ಹುಡುಗಿ ನಕ್ಕು, ತಾಯಿಯನ್ನು ಒಳಗೆ ಎಳೆದುಕೊಂಡು ಹೋದಳು. ತಡವರಿಸುತ್ತಿದ್ದವರಲ್ಲಿ ಕೆಲವರು ಹಿಂದೆಯೇ ಹೋದರು.

ಎಲ್ಲ ಸರಿಹೋಯಿತೆಂದು ಬರೆಯಲು ನನಗೂ ಆಸೆ. ಆದರೆ ಈ ಲೇಖನ ಯಾರ ಕುರಿತದ್ದೋ ಅವರು ಇದನ್ನು ಓದುತ್ತಾರೆ. ಸುದ್ದಿ ಮುಟ್ಟಿ ಹಂಚಿಕೆದಾರರು ಕೆಂಡವಾದರು. ವಾರ ತುಂಬುವ ಮೊದಲೇ ಸಿನಿಮಾವನ್ನು ಎತ್ತಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಮೇಷ್ಟ್ರು ನಮ್ಮ ಚಿತ್ರಶಾಲೆಯ ಬೀದಿಯಲ್ಲಿ ಹಾಯುವುದನ್ನೇ ಬಿಟ್ಟರು. ದೊಡ್ಡಕ್ಕನವರಿಗೆ ಅದು ಬಹಳ ನೋವಾಯಿತು. ಹೇಳಿಕೊಳ್ಳಲಿಲ್ಲ, ಆದರೆ ಅವರು ಆ ದಿನಗಳಲ್ಲಿ ನನ್ನ ಅಕ್ಷರಗಳಿಗೆ ಧಾರಾಳವಾಗಿ ಜಾಗ ಬಿಟ್ಟರು. ಅದರಿಂದಲೇ ನನಗೆ ತಿಳಿಯಿತು.

ಮೇಷ್ಟ್ರಿಗೆ ಗೊತ್ತಿರದ ಒಂದು ಸಂಗತಿಯಿತ್ತು. ಮೊದಲ ದಿನ ಆಟ ಮುಗಿದು ಅವರು ಸಿಟ್ಟಿನಿಂದ ಹೊರಟುಹೋದ ಮೇಲೆ, ದೊಡ್ಡಕ್ಕ ಬರಿದಾದ ಸಭಾಂಗಣದೊಳಗೆ ಹೋದರು, ನಾನು ಹಿಂದಿದ್ದೆ. ಅಲ್ಲಿ ಗುಡಿಸುತ್ತಿದ್ದ ಹೆಂಗಸನ್ನು ಅವರು ಕೇಳಿದರು: "ಜನ ಬೈದ್ರಾ ತಾಯಿ?"

ಆಕೆ ಪೊರಕೆ ನಿಲ್ಲಿಸಿದಳು. "ಇಲ್ಲಮ್ಮ. ಕೊನೇಲಿ ಹೆಸರು ಬರ್ತಿರುವಾಗ್ಲೇ ನಾನು ಗುಡಿಸೋಕೆ ಶುರು ಮಾಡ್ತೀನಿ. ಇವತ್ತು ಕೂತಿದ್ದವರು ಕಾಲು ಎತ್ತಿದ್ರು. ಸಾಲಿಗೆ ಸಾಲೇ ಎತ್ತಿದ್ರು. ಯಾಕೋ ಗೊತ್ತಿಲ್ಲ."

ದೊಡ್ಡಕ್ಕ ಅಲ್ಲೇ ಒಂದು ಕುರ್ಚಿಯಲ್ಲಿ ಕೂತುಬಿಟ್ಟರು. ಕಣ್ಣು ಒರೆಸಿಕೊಂಡರು. ಪೊರಕೆ ಹತ್ತಿರ ಬಂದಾಗ ತಾವೂ ಕಾಲು ಎತ್ತಿದರು.

ಈ ಮಾತನ್ನು ಮೇಷ್ಟ್ರಿಗೆ ಹೇಳಬಾರದೆಂದು ದೊಡ್ಡಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದರು. ಹೇಳಿದರೆ ಮೇಷ್ಟ್ರ ಬಾಯಿಂದ ಕ್ಷಮೆ ಕೇಳಿಸಿಕೊಂಡಂತಾಗುತ್ತದೆ ಎಂಬ ಹಟ. ನಾನು ಆ ಮಾತಿಗೆ ತಪ್ಪಿದೆ, ಅದಕ್ಕಾಗಿ ನನಗೆ ಸ್ವಲ್ಪವೂ ಪಶ್ಚಾತ್ತಾಪವಿಲ್ಲ. ಶಾಲೆಯ ಪ್ರಯೋಗಾಲಯಕ್ಕೆ ಹೋಗಿ ಹೇಳಿದಾಗ ಮೇಷ್ಟ್ರು ಗೋಡೆಯ ಕಡೆ ತಿರುಗಿದರು. ಚಿತ್ರಗಳನ್ನು ಅವರು ಗೋಡೆಯಿಂದ ಇಳಿಸಿರಲಿಲ್ಲ. ಮಾರನೆಯ ದಿನ ನಮ್ಮ ಮೆಟ್ಟಿಲು ಹತ್ತಿ ಬಂದರು. ಈ ಗ್ರಂಥದ ಸಂಪಾದಕರು ಅವರೇ ಎಂಬುದನ್ನು ಓದುಗರು ಒಳಪುಟದಲ್ಲಿ ಗಮನಿಸಬಹುದು.

ದೊಡ್ಡಕ್ಕನವರಿಗೆ ಈಗ ದೂರದ ಗೆರೆ ಮಂಜಾಗಿ ಕಾಣುತ್ತದೆ. ಹತ್ತಿರದ್ದು ಇನ್ನೂ ನಿಚ್ಚಳ. ಭಾವನವರೊಡನೆ ಅವರು ನೆಮ್ಮದಿಯಾಗಿ ನೂರ್ಕಾಲ ಬಾಳಲಿ, ಮೇಷ್ಟ್ರ ಮುಂದಿನ ಹಡಗಿನ ಕೋಣೆಗಳನ್ನು ಮನೆಯಲ್ಲೇ ಕೂತು ಬರೆದುಕೊಡಲಿ, ಒಂದಾದರೂ ಪೋಸ್ಟರಿನಲ್ಲಿ ನನ್ನ ಅಕ್ಷರಕ್ಕೆ ಅಂಗೈಯಗಲ ಆಕಾಶ ಬಿಡಲಿ ಎಂದು ಹಾರೈಸುತ್ತೇನೆ. ಬೀಳ್ಕೊಡುಗೆ ಸಮಾರಂಭಕ್ಕೆ ಬರುವವರಲ್ಲಿ ಒಂದು ವಿನಂತಿ. ಭಾಷಣಗಳು ಮುಗಿದ ಮೇಲೆ ಸಭಾಂಗಣ ಗುಡಿಸಲು ಒಬ್ಬರು ಬರುತ್ತಾರೆ. ದೊಡ್ಡಕ್ಕ ವೇದಿಕೆಯ ಮೇಲಿಂದ ನೋಡುತ್ತಿರುತ್ತಾರೆ. ದಯವಿಟ್ಟು ಕಾಲು ಎತ್ತಿ.