ಮೊಮ್ಮಗಳ ಬಲಗೈ

ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ಎರೆಯುವುದು ನನ್ನ ಕೆಲಸವಾಗಿತ್ತು. ಕೊಂಡಾಪುರದಲ್ಲಿ ಕಂಪ್ಯೂಟರ್ ಆಫೀಸುಗಳು ಒಂದರ ಪಕ್ಕ ಒಂದು ಏಳುತ್ತಿದ್ದ ವರ್ಷಗಳು ಅವು. ಆಫೀಸುಗಳ ಹಿಂದೆ ಫ್ಲ್ಯಾಟುಗಳು ಎದ್ದವು, ಫ್ಲ್ಯಾಟುಗಳಿಗೆ ಹೊಸ ಜೋಡಿಗಳು ಬಂದವು, ವರ್ಷ ಕಳೆಯುವುದರೊಳಗೆ ಕೂಸುಗಳೂ ಬಂದವು. ಆ ಹುಡುಗಿಯರಿಗೆ ಕಂಪ್ಯೂಟರ್ ಬರುತ್ತಿತ್ತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯಲು ಬರುತ್ತಿರಲಿಲ್ಲ. ನಾನು ಕೂಕಟ್‌ಪಲ್ಲಿಯಿಂದ ಷೇರ್ ಆಟೋದಲ್ಲಿ ಹೋಗಿ, ಹನ್ನೊಂದು ಗಂಟೆಯೊಳಗೆ ಮೂರು ಮನೆ ಮುಗಿಸುತ್ತಿದ್ದೆ. ನನಗೆ ಓದು ಅಷ್ಟಕ್ಕಷ್ಟೆ. ಬೆರಳುಗಳು ಮಾತ್ರ ಓದಿಕೊಂಡಿದ್ದವು. ಕೂಸಿನ ಮೈಮೇಲೆ ಒಮ್ಮೆ ಕೈಯಾಡಿಸಿದರೆ ಹೊಟ್ಟೆ ಕಟ್ಟಿದೆಯೋ, ಕತ್ತು ಉಳುಕಿದೆಯೋ ಗೊತ್ತಾಗುತ್ತಿತ್ತು.

ಶಾಲೆಗೆ ರಜೆ ಇದ್ದ ದಿನ ಮೊಮ್ಮಗಳು ನನ್ನ ಜೊತೆ ಬಿಸಿನೀರು ಹೊರಲು ಬರುತ್ತಿದ್ದಳು. ಅವಳ ತಾಯಿ, ನನ್ನ ಮಗಳು, ತೀರಿಕೊಂಡಿದ್ದಳು. ಅಳಿಯ ಬೇರೆ ಮದುವೆಯಾದ. ಹುಡುಗಿ ನನ್ನ ಹತ್ತಿರ ಉಳಿದಳು. ಇದರಲ್ಲಿ ಹೆಚ್ಚು ಹೇಳುವಂಥದ್ದೇನೂ ಇಲ್ಲ.

ಧಾರವಾಡದ ಕಡೆಯ ಒಂದು ಜೋಡಿಯ ಮನೆಯಲ್ಲಿ ಇದು ಶುರುವಾಯಿತು. ಗಂಡ ಎಂಜಿನಿಯರು, ಅಮೆರಿಕದಲ್ಲಿ ಇದ್ದು ಬಂದವರು. ಅವರ ಹೆಣ್ಣುಕೂಸಿಗೆ ಹನ್ನೆರಡನೇ ದಿನ. ಎಣ್ಣೆ ಹಚ್ಚಿ ಎಡಗೈ ಎತ್ತಿದೆ. ಭುಜದ ಕೀಲಿನ ಒಳಗೆ, ಬೆರಳಿನ ಕೆಳಗೆ, ಏನೋ ಸಣ್ಣಗೆ ಜಾರಿತು. ನಾನು ಕೈ ತೆಗೆದುಬಿಟ್ಟೆ. "ಈ ಕೂಸಿಗೆ ನಾ ಎಣ್ಣಿ ತಿಕ್ಕೂದಿಲ್ರಿ. ದವಾಖಾನಿಗೆ ಒಯ್ರಿ, ಇವತ್ತ ಒಯ್ರಿ," ಅಂದೆ. ಬಾಣಂತಿಯ ತಾಯಿ, "ಹಂಗ ಕೂಸಿಗೆ ಹೆದರಿದ್ರ ನೀ ಎಂಥಾ ಎರಿಯಾಕಿ?" ಎಂದು ಮುಖ ತಿರುಗಿಸಿದರು. ಎಂಜಿನಿಯರು ಮಾತ್ರ ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ನಡೆದರು. ಹುಟ್ಟುವಾಗ ಕೈ ಎಳೆದು ಒಳಗೆ ನರಕ್ಕೆ ಪೆಟ್ಟಾಗಿದೆ, ತಿಕ್ಕಿ ಎಳೆದಿದ್ದರೆ ಕೈ ಹೋಗುತ್ತಿತ್ತು, ಸರಿಯಾದ ಹೊತ್ತಿಗೆ ತಂದಿರಿ ಎಂದು ಡಾಕ್ಟರು ಹೇಳಿದರಂತೆ. ಅವತ್ತಿನಿಂದ ಆ ಮನುಷ್ಯ ನನ್ನ ಬೆರಳನ್ನು ದೇವರಂತೆ ನಂಬಿದರು.

ಕೂಸಿನ ಕೈ ಸುಧಾರಿಸಿದ ಮೇಲೆ ಮತ್ತೆ ನನ್ನನ್ನೇ ಕರೆದರು. ಅವತ್ತು ನಾನು ಕಡಲೆಹಿಟ್ಟು ಕಲಸಿ ಇಟ್ಟಿದ್ದೆ. ಬಚ್ಚಲ ಕಿಟಕಿಯಾಚೆ, ಎದುರು ಗೋಡೆಯ ಎ.ಸಿ. ಡಬ್ಬಿಯ ಮೇಲೆ ಪಾರಿವಾಳ ಗೂಡು ಕಟ್ಟಿ ಗಲೀಜು ಮಾಡುತ್ತಿತ್ತು. ಮೊಮ್ಮಗಳು ಹಿಟ್ಟಿನ ಒಂದು ಉಂಡೆ ಹಿಡಿದು ಕಿಟಕಿಯ ಸರಳುಗಳ ನಡುವಿಂದ ಬೀಸಿದಳು. ಉಂಡೆ ಹೋಗಿ ಪಾರಿವಾಳದ ಪಕ್ಕದಲ್ಲೇ ಡಬ್ಬಿಗೆ ಬಡಿಯಿತು, ಅದು ಹಾರಿಹೋಯಿತು. ಎಂಜಿನಿಯರು ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದರು.

"ಇನ್ನೊಮ್ಮೆ ಒಗಿ," ಅಂದರು.

ಒಗೆದಳು. ಮತ್ತೆ ಅಲ್ಲಿಗೇ ಬಿತ್ತು.

"ಅಜ್ಜಿ, ಈಕೀಗೆ ಚೆಂಡು ಒಗಿಯೂದು ಕಲಿಸ್ತೀನಿ. ಐತವಾರ ಕಳಸ್ತೀರೇನ್ರಿ?"

"ಕಲಿಸೂದೇನೈತ್ರಿ, ಸಿಟ್ಟು ಬಂದ್ರ ಮನ್ಯಾಗ ತಾಟು ಬಟ್ಟಲಾ ಒಗೀತಾಳ," ಅಂದೆ. "ನನ್ನ ಕಡ್ಲಿಹಿಟ್ಟು ಮಾತ್ರ ಹಾಳ ಮಾಡಬ್ಯಾಡ್ರಿ."

ಅವರು ಹುಡುಗಿಯರ ಬೇಸ್‌ಬಾಲ್ ತಂಡ ಕಟ್ಟುತ್ತಿದ್ದರು. ಅಮೆರಿಕದಲ್ಲಿ ಹಿಡಿದುಕೊಂಡ ಹುಚ್ಚು. ಫ್ಲ್ಯಾಟಿನ ನಾಲ್ಕು ಹುಡುಗಿಯರು, ವಾಚ್‌ಮನ್ ಮಗಳು, ಡ್ರೈವರನ ಇಬ್ಬರು ಮಕ್ಕಳು, ಹೀಗೆ ಸೇರಿಸಿದ್ದರು. ಗಚ್ಚಿಬೌಲಿಯಲ್ಲಿ ಇನ್ನೂ ಕಟ್ಟಡ ಏಳದ ಒಂದು ಬಯಲು, ಸುತ್ತ ಆನೆಯಂಥ ಬಂಡೆಗಳು. ಅಂಥವೇ ನಾಲ್ಕು ತಂಡ ಸೇರಿ ಐತವಾರ ಐತವಾರ ಆಡುತ್ತಿದ್ದವು. ನಾನು ನೋಡಲು ಹೋಗುತ್ತಿದ್ದೆ. ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುವವಳು ಪಿಚರ್. ಎದುರಿಗಿನವಳು ಅದನ್ನು ಕೋಲಿನಿಂದ ಹೊಡೆಯಬೇಕು. ಹೊಡೆದು, ನಾಲ್ಕು ಮೂಲೆ ಸುತ್ತಿ, ಹೊರಟ ಜಾಗಕ್ಕೇ ಬಂದು ಮುಟ್ಟಿದರೆ ಒಂದು ರನ್. ಹೊರಟಲ್ಲಿಗೇ ಬರುವುದಾದರೆ ಹೊರಡುವುದು ಯಾಕೆ ಎಂದು ಕೇಳಿದ್ದೆ. ಹುಡುಗಿಯರೆಲ್ಲ ನಕ್ಕಿದ್ದರು.

ಮೊಮ್ಮಗಳು ಪಿಚರ್ ಆದಳು. ನಾನು ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಮಂಚಿಗೆಯ ಮೇಲೆ ನಿಂತು ಹಕ್ಕಿಗಳಿಗೆ ಕವಣೆ ಬೀಸುತ್ತಿದ್ದೆ. ಅವಳ ತೋಳು ತಲೆಯ ಮೇಲಿಂದ ತಿರುಗಿ ಬರುವುದು ಹಾಗೇ ಕಾಣುತ್ತಿತ್ತು. ನನ್ನ ಕೈಯಲ್ಲಾದರೂ ಹಗ್ಗ ಇತ್ತು, ಅವಳಿಗೆ ತೋಳೇ ಹಗ್ಗ. ಚೆಂಡು ಬಂದದ್ದು ಎದುರಿಗಿನವಳಿಗೆ ತಿಳಿಯುವ ಹೊತ್ತಿಗೆ ಹಿಂದಿನವಳ ಕೈಗವಸಿನಲ್ಲಿ ಟಪ್ ಅಂದಿರುತ್ತಿತ್ತು. ಎರಡು ವರ್ಷದಲ್ಲಿ ಬೇರೆ ತಂಡದವರು ಅವಳನ್ನು ನೋಡಲೆಂದೇ ಬರುವಂತಾಯಿತು. ನಾನು ಹೊಗಳಲಿಲ್ಲ. ನೋಡಲು ಹೋಗುವುದನ್ನೂ ತಪ್ಪಿಸಲಿಲ್ಲ.

ಕೊನೆಯ ಆಟ ನೋಡಲು ರಾಜ್ಯದ ತಂಡಕ್ಕೆ ಆರಿಸುವವರು ಇಬ್ಬರು ಬರುತ್ತಾರೆ ಎಂದು ಸುದ್ದಿ ಬಂತು. ರಾಜ್ಯದ ತಂಡಕ್ಕೆ ಸೇರಿದರೆ ಕ್ರೀಡಾ ಕೋಟಾದಲ್ಲಿ ಕಾಲೇಜಿನ ಸೀಟು, ಹಾಸ್ಟೆಲ್ಲು. ಮಾರ್ಕ್ಸಿನಿಂದ ಅವಳಿಗೆ ಅದು ಸಿಗುವಂತಿರಲಿಲ್ಲ. ಸೀಟು ಸಿಗದಿದ್ದರೆ ನನ್ನ ಹಿಂದೆ ಬಿಸಿನೀರಿನ ಬಕೆಟ್ಟು ಹೊರುವುದು, ಆಮೇಲೆ ನನ್ನ ಜಾಗದಲ್ಲಿ ಕಾಲು ಚಾಚಿ ಕೂತು ಮಂದಿಯ ಕೂಸು ಎರೆಯುವುದು. ಅದು ಬೇಡವೆಂದು ಅವಳೂ ಅಂದುಕೊಂಡಿದ್ದಳು, ನಾನೂ ಅಂದುಕೊಂಡಿದ್ದೆ.

ಆಟದ ಹಿಂದಿನ ದಿನ ಮಧ್ಯಾಹ್ನ ಅವಳು ಬಂದು ನನ್ನ ಮುಂದೆ ಚಾಪೆಯ ಮೇಲೆ ಕೂತಳು.

"ಅಜ್ಜಿ, ಭುಜ ನೋಯಾಕತ್ತೈತಿ. ಚಂದಂಗ ನೋಡು. ನೀ ಏನೂ ಇಲ್ಲ ಅಂದ್ರ ನಾಳೆ ಒಗೀತೀನಿ. ಬ್ಯಾಡ ಅಂದ್ರ ಸರ್‌ಗೆ ಹೇಳ್ತೀನಿ."

ಹೀಗೆ ಕೇಳಿದಳು. ಅಡ್ಡ ಮಾತಿಲ್ಲ. ಎಣ್ಣೆ ಬಿಸಿ ಮಾಡಿ, ಬಲಗೈ ಎತ್ತಿ, ಕೀಲಿನ ಮೇಲೆ ಬೆರಳಿಟ್ಟು ತಿರುಗಿಸಿದೆ. ಒಳಗೆ ಜಾರಿತು. ಅದೇ, ಆ ಕೂಸಿನ ಭುಜದಲ್ಲಿ ಜಾರಿದಂತೆ. ನನ್ನ ಕೈ ತಾನಾಗಿ ಹಿಂದೆ ಸರಿಯಿತು. ನಾನು ಅದನ್ನು ಮತ್ತೆ ಮುಂದೆ ತಂದೆ.

"ಏನಂತೈತಿ ನಿನ್ನ ಬೆರಳು?" ಕೇಳಿದಳು.

"ಏನೂ ಇಲ್ಲ. ನರ ಬಿಗದಾವ ಅಷ್ಟ."

"ಹಂಗಾರ ನಾ ಸುಮ್ನ ಹೆದರಿದ್ದೆ."

"ಮತ್ತ. ನಿನ್ನ ವಯಸ್ಸಿನ್ಯಾಗ ನಾ ಹಡದು ಎಂಟು ದಿನಕ್ಕ ನೀರು ಹೊತ್ತೀನಿ."

"ಲೈಟ್ ತಗೋ ಅಜ್ಜಿ, ಶುರು ಮಾಡಬ್ಯಾಡ," ಎಂದು ನಕ್ಕಳು. ನಾನು ತಿಕ್ಕಿದೆ, ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟೆ. ಶಾಖಕ್ಕೆ ನೋವು ಮಲಗಿತು. ಮಲಗುತ್ತದೆ ಎಂದು ನನಗೆ ಗೊತ್ತಿತ್ತು, ಎಷ್ಟು ಹೊತ್ತು ಎಂಬುದೂ ಸುಮಾರಾಗಿ ಗೊತ್ತಿತ್ತು.

ಬೆಳಿಗ್ಗೆ ಮತ್ತೊಮ್ಮೆ ಶಾಖ ಕೊಟ್ಟು ಹೊರಟೆವು. ಬಯಲಿನಲ್ಲಿ ಎಂಜಿನಿಯರು ನನ್ನ ಹತ್ತಿರ ಬಂದರು. ಅವಳು ಭುಜ ಹಿಡಿದುಕೊಂಡದ್ದನ್ನು ಅವರು ನೋಡಿದ್ದರಂತೆ. "ಅಜ್ಜಿ, ನೀವು ಕೈ ಹಚ್ಚಿ ನೋಡೀರೇನ್ರಿ? ನಿಮ್ಮ ಮಾತ ನನಗ ಎಕ್ಸ್‌ರೇ. ಬ್ಯಾಡ ಅಂದ್ರ ಈಗ ಕೂಡಸ್ತೀನಿ. ಸೋತ್ರ ಸೋಲ್ತೀವಿ."

ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಟೋಪಿ ಹಾಕಿದ ಇಬ್ಬರು ಕಾಗದ ಪೆನ್ನು ಹಿಡಿದು ಕೂತಿದ್ದರು. ನನಗೂ ಒಂದು ಕುರ್ಚಿ ಹಾಕಿಸಿದ್ದರು. "ಪಿಚರ್‌ದ ಅಜ್ಜಿ ಇವರು," ಎಂದು ಯಾರೋ ಹೇಳಿದ್ದಕ್ಕೆ ಆ ಇಬ್ಬರೂ ನಮಸ್ಕಾರ ಮಾಡಿದ್ದರು. ಅಲ್ಲಿಯವರೆಗೆ ನನಗೆ ಕುರ್ಚಿಯಲ್ಲಿ ಕೂತವರು ನಮಸ್ಕಾರ ಮಾಡಿರಲಿಲ್ಲ.

"ಒಗೀಲಿ ಬಿಡ್ರಿ," ಅಂದೆ. "ಏನೂ ಆಗಿಲ್ಲ."

ಅವಳಿಗಾಗಿ ಸುಳ್ಳು ಹೇಳಿದೆ. ಆ ಕುರ್ಚಿಗಾಗಿಯೂ ಹೇಳಿದೆ. ಎರಡೂ ನಿಜ.

ಬಹಳ ಹೊತ್ತು ಅವಳು ಅವರನ್ನು ಕುಣಿಸಿದಳು. ಕೋಲು ಹಿಡಿದು ಬಂದವರು ಗಾಳಿ ಹೊಡೆದು ವಾಪಸ್ಸು ಹೋಗುತ್ತಿದ್ದರು. ಎದುರು ತಂಡದ ಹುಡುಗಿಯೊಬ್ಬಳಿಗೆ ನಮ್ಮ ವಾಚ್‌ಮನ್ ಮಗಳು, "ಕ್ಯಾ ರೇ, ಸೊಳ್ಳೆ ಹೊಡಿಯಾಕ ಬಂದೀ?" ಎಂದು ಕೂಗಿದಳು. ಟೋಪಿಯವರು ಬರೆಯುತ್ತಲೇ ಇದ್ದರು. ಕೊನೆಯ ಸುತ್ತಿಗೆ ನಮ್ಮದು ಮೂರು, ಅವರದು ಎರಡು. ಅವರಲ್ಲಿ ಇಬ್ಬರು ಔಟಾಗಿದ್ದರು, ಇನ್ನೊಬ್ಬಳು ಔಟಾದರೆ ಆಟ ನಮ್ಮದು. ಆದರೆ ಅವರ ಇಬ್ಬರು ಓಟಗಾರ್ತಿಯರು ಎರಡು ಮೂಲೆಗಳಲ್ಲಿ ನಿಂತು ಹೊರಟ ಜಾಗಕ್ಕೆ ಬರಲು ಕಾಯುತ್ತಿದ್ದರು.

ಶಾಖ ಇಳಿಯುವ ಹೊತ್ತಾಗಿತ್ತು. ಅದನ್ನು ಅಲ್ಲಿ ತಿಳಿದವಳು ನಾನೊಬ್ಬಳೇ. ಅವಳು ಚೆಂಡು ಹಿಡಿದು ಒಮ್ಮೆ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ, ಒಗಿ ಎಂದು.

ತೋಳು ಮೇಲಕ್ಕೆ ಹೋಯಿತು, ತಿರುಗಿ ಬರಲಿಲ್ಲ. ಅರ್ಧದಲ್ಲೇ ಬಿಟ್ಟುಹೋಯಿತು. ಚೆಂಡು ನೆಲಕ್ಕೆ ಬಡಿದು, ಹಿಡಿಯುವವಳ ಪಕ್ಕದಿಂದ ಹಾರಿ, ಹಿಂದಿನ ಬಂಡೆಗೆ ತಾಗಿ ಎಲ್ಲಿಗೋ ಉರುಳಿತು. ಅದನ್ನು ಹುಡುಕಿ ತರುವುದರೊಳಗೆ ಒಬ್ಬಳು ಬಂದು ಮುಟ್ಟಿದಳು, ಅವಳ ಹಿಂದೆಯೇ ಇನ್ನೊಬ್ಬಳು. ಒಂದು ರನ್ನಿನಿಂದ ಸೋತೆವು. ಆ ಕಡೆ ಕುಣಿತ ಶುರುವಾಯಿತು. ಟೋಪಿಯವರು ಪೆನ್ನಿಗೆ ಮುಚ್ಚಳ ಹಾಕಿದರು. ಮೊಮ್ಮಗಳು ದಿಬ್ಬದ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ನಾವು ಕೂಸನ್ನು ಹಿಡಿಯುತ್ತೇವಲ್ಲ, ಹಾಗೆ.

ದವಾಖಾನೆಯಲ್ಲಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಕೀಲಿನೊಳಗೆ ಹರಿದಿದೆ, ಮೊದಲು ಸ್ವಲ್ಪ ಹರಿದಿತ್ತು, ಆಗ ಬಿಡುವು ಕೊಟ್ಟಿದ್ದರೆ ಕೂಡುತ್ತಿತ್ತು, ಈಗ ಪೂರ್ತಿ ಹೋಗಿದೆ, ಆಪರೇಷನ್ ಮಾಡಿದರೂ ಕೈ ತಲೆಯ ಮೇಲಕ್ಕೆ ಹೋಗುವುದು ಕಷ್ಟ ಅಂದರು. ಆಮೇಲೆ ಕೇಳಿದರು, ಈ ಕೈಯಿಂದ ಆಡಲು ಬಿಟ್ಟವರು ಯಾರು?

ಎಂಜಿನಿಯರು, "ನಾನು," ಅಂದರು. ನನ್ನ ಕಡೆ ನೋಡಲೂ ಇಲ್ಲ. ಅವರು ನನ್ನನ್ನು ಉಳಿಸಲು ಹೇಳಲಿಲ್ಲ. ನನ್ನ ಬೆರಳು ತಪ್ಪಿರಬಹುದು ಎಂಬ ಯೋಚನೆ ಕೂಡ ಅವರಿಗೆ ಬಂದಿರಲಿಲ್ಲ, ಆಡಿಸುವಾಗ ತಮ್ಮಿಂದಲೇ ಏನೋ ಆಗಿದೆ ಎಂದುಕೊಂಡಿದ್ದರು. ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮೊಮ್ಮಗಳು ಅವರ ಜೊತೆ ಮಾತು ಬಿಟ್ಟಳು. "ಅಷ್ಟು ಪ್ರಾಕ್ಟೀಸ್ ಮಾಡಿಸಿ ನನ್ನ ಕೈ ತಿಂದ ಆ ಮನುಷ್ಯ," ಅನ್ನುತ್ತಿದ್ದಳು. ನಾನು ಕೇಳಿಕೊಂಡು ಸುಮ್ಮನಿರುತ್ತಿದ್ದೆ. ತಂಡ ಚದುರಿತು. ಆ ಬಯಲಿನಲ್ಲಿ ಗಾಜಿನ ಕಟ್ಟಡ ಎದ್ದಿತು, ಬಂಡೆಗಳನ್ನು ಸಿಡಿಮದ್ದು ಇಟ್ಟು ಒಡೆದರು. ಅವಳಿಗೆ ಕೂಕಟ್‌ಪಲ್ಲಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮೇಲಿನ ಗೂಟಕ್ಕೆ ಸೀರೆ ತೂಗುಹಾಕಲು ಬೇರೆ ಹುಡುಗಿಯನ್ನು ಕರೆಯಬೇಕು. ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗುವುದಿಲ್ಲ. ಆರು ವರ್ಷ ದಿನವೂ ಬೆಳಿಗ್ಗೆ ನಾನು ಅವಳ ತಲೆ ಬಾಚಿ ಜಡೆ ಹಾಕಿದೆ. ಉದ್ದ ಕೂದಲು, ಸೊಂಟದವರೆಗೆ. ನನ್ನ ಮಗಳದ್ದೂ ಹಾಗೇ ಇತ್ತು.

ಒಂದು ಐತವಾರ ಎಂಜಿನಿಯರು ನಮ್ಮ ಮನೆಗೆ ಬಂದರು. ಬೆಂಗಳೂರಿಗೆ ಹೋಗುತ್ತೇವೆ, ಹೇಳಿ ಹೋಗೋಣ ಎಂದು ಬಂದೆ ಅಂದರು. ಮಗಳನ್ನು ಕರೆತಂದಿದ್ದರು. ನಾನು ಎಣ್ಣೆ ಹಚ್ಚಲು ಒಲ್ಲೆ ಅಂದಿದ್ದ ಆ ಕೂಸು, ಈಗ ಎಂಟು ದಾಟಿದ ಹುಡುಗಿ. ಅದು ಎಡಗೈಯಿಂದ ನಮ್ಮ ಬಾಗಿಲ ಮೇಲಿನ ಚಿಲಕ ಜಿಗಿದು ಹಿಡಿದು ಜೋತಾಡುತ್ತಿತ್ತು. ಮೊಮ್ಮಗಳು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ.

"ಆಕೀಗೆ ಹೇಳ್ರಿ ಅಜ್ಜಿ, ತಪ್ಪು ನಂದು," ಅಂದರು. ಅವರ ತಲೆ ಬೆಳ್ಳಗಾಗಿತ್ತು. ಚಹಾ ಅರ್ಧ ಕುಡಿದು ಎದ್ದರು.

ಅವರು ಹೋದ ಮೇಲೆ ಅವಳು ಬಂದು ತಲೆ ಬಿಚ್ಚಿ ನನ್ನ ಮುಂದೆ ಕೂತಳು. "ಏನಂದ್ರು?"

"ತಪ್ಪು ತಮ್ಮದು ಅಂದ್ರು."

"ಈಗ ಗೊತ್ತಾತೇನು?"

ನಾನು ಕೂದಲನ್ನು ಮೂರು ಕಾಲು ಮಾಡಿ ಹೆಣೆಯುತ್ತಿದ್ದೆ. ಅರ್ಧ ಆಗಿತ್ತು. "ಅವರ ತಪ್ಪಲ್ಲ," ಅಂದೆ. "ಹಿಂದಿನ ದಿನ ನೀ ಕೇಳಿದ್ಯಲ್ಲ, ಆಗ ನನ್ನ ಬೆರಳಿಗೆ ಗೊತ್ತಾಗಿತ್ತು. ಅವರ ಕೂಸಿನ ಭುಜದಾಗ ಜಾರಿದ್ದು ನಿನ್ನ ಭುಜದಾಗೂ ಜಾರಿತ್ತು. ನಿನಗ ಸುಳ್ಳು ಹೇಳಿದೆ. ಅವರಿಗೂ ಹೇಳಿದೆ."

ಅವಳು ತಿರುಗಲಿಲ್ಲ. ಹಾಗೇ ಕೇಳಿದಳು, "ಮಂದಿ ಕೂಸಿಗೆ ಬ್ಯಾಡ ಅಂದಿ?"

"ಹೂಂ."

ಎಡಗೈ ಹಿಂದಕ್ಕೆ ತಂದು ಜಡೆಯನ್ನು ನನ್ನ ಕೈಯಿಂದ ಎಳೆದುಕೊಂಡಳು. ಒಂದೇ ಕೈಯಲ್ಲಿ ಅದನ್ನು ಮುಗಿಸಲು ನೋಡಿದಳು. ಆಗಲಿಲ್ಲ. ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿ ಹೊರಗೆ ಹೋದಳು.

ಸಂಜೆ ಬಂದಾಗ ಕೂದಲು ಕತ್ತಿನವರೆಗೆ ಕತ್ತರಿಸಿಯಾಗಿತ್ತು. ಯಾವುದೋ ಪಾರ್ಲರಿನಲ್ಲಿ ಮಾಡಿಸಿಕೊಂಡು ಬಂದಿದ್ದಳು. ಎಡಗೈಯಿಂದ ಬಾಚಿಕೊಳ್ಳಲು ಅಷ್ಟು ಸಾಕಾಗುತ್ತದೆ.

ಮಾತು ಬಿಟ್ಟಿಲ್ಲ. ರೊಟ್ಟಿ ಬಿಸಿ ಇದ್ದಾಗಲೇ ನನಗೆ ಹಾಕುತ್ತಾಳೆ, ಮಾತ್ರೆ ನುಂಗಿದೆಯೋ ಇಲ್ಲವೋ ಕೇಳುತ್ತಾಳೆ. ಚಳಿಗಾಲದಲ್ಲಿ ಭುಜ ಹಿಡಿದುಕೊಂಡಾಗ, ಎಣ್ಣೆ ಕಾಯಿಸಲೇನು ಅನ್ನುತ್ತೇನೆ. ಬ್ಯಾಡ ಅನ್ನುತ್ತಾಳೆ.